ಅಳತೆಯನ್ನು ಪ್ರಶ್ನಿಸಿದ ಲೋಹಿಯಾ

ಡಾ. ರಾಮಮನೋಹರ ಲೋಹಿಯಾ ಅವರು 1910ರ ಮಾರ್ಚ್ 23ರಂದು ಇಂದಿನ ಉತ್ತರ ಪ್ರದೇಶದ ಅಕ್ಬರ್‌ಪುರದಲ್ಲಿ ಜನಿಸಿದರು. ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದು ಮರಳಿ, ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದರು. ಮಂಗೋರ್ ಹಿಲ್‌ನ ಕನ್ನಡಿಗರಾದ ನಮಗೆ ಅವರು ಎರಡು ನೆಲೆಗಳಲ್ಲಿ ಆತ್ಮೀಯರು. 1946ರ ಜೂನ್ 18ರಂದು ಮಡಗಾಂವಿನಲ್ಲಿ ಪೋರ್ಚುಗೀಸರ ಸಭಾನಿಷೇಧವನ್ನು ಧಿಕ್ಕರಿಸಿ ಬಂಧನಕ್ಕೊಳಗಾದರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಧಣಿಗಳು ದೊಡ್ಡ ಕೊಳಗದಲ್ಲಿ ಗೇಣಿಭತ್ತ ಅಳೆದುಕೊಳ್ಳುವುದನ್ನು ವಿರೋಧಿಸಿ ಸತ್ಯಾಗ್ರಹ ಹೂಡಿದಾಗ, ಅಲ್ಲಿಗೂ ಬಂದು ಸೆರೆಯಾದರು.

1963ರಲ್ಲಿ ಫರೂಕಾಬಾದ್ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಯನ್ನು ಪ್ರವೇಶಿಸಿದರು. ಅದೇ ಆಗಸ್ಟ್‌ನಲ್ಲಿ ನೆಹರೂ ಸರ್ಕಾರದ ವಿರುದ್ಧ ಅವಿಶ್ವಾಸ ನಿರ್ಣಯ ಚರ್ಚೆಗೆ ಬಂದಾಗ, ದೇಶದ 27 ಕೋಟಿ ಜನರು ದಿನಕ್ಕೆ 3 ಆಣೆಯಲ್ಲಿ ಬದುಕುತ್ತಿದ್ದಾರೆಂದು ವಾದಿಸಿದರು. ಸರ್ಕಾರ 15 ಆಣೆಯ ಲೆಕ್ಕವನ್ನು ಮುಂದಿಟ್ಟಿತು. ಸಿರಿವಂತನ ವರಮಾನವನ್ನೂ ಕೂಡಿಸಿ ಭಾಗಿಸಿದ ಸರಾಸರಿಯಲ್ಲಿ ಭೂಹೀನ ಕೂಲಿಯ ಹಸಿವು ಮರೆಯಾಗುತ್ತದೆಂಬುದೇ ಆ ವಾಗ್ವಾದದ ತಿರುಳು.

1967ರ ಅಕ್ಟೋಬರ್ 12ರಂದು ಲೋಹಿಯಾ ನಿಧನರಾದರು. ಕಣದ ಕೊಳಗವಾಗಲಿ, ಸರ್ಕಾರದ ಅಂಕಿಯಾಗಲಿ, ಅಳತೆ ತಪ್ಪಿದರೆ ಬರಿದಾಗುವುದು ಬಡವನ ತಟ್ಟೆ. ಆ ತಟ್ಟೆಯ ಲೆಕ್ಕವನ್ನು ಆಳುವವರಿಂದ ಕೇಳಿ ಪಡೆಯುವುದು ಸಂಸತ್ತಿನ ಮೊದಲ ಕರ್ತವ್ಯವೆಂದು ಅವರ ಬಾಳು ನಮಗೆ ತಿಳಿಸುತ್ತದೆ.