ಲೆಕ್ಕದಿಂದ ಜೀವವನ್ನು ಅರಿತ ಹಾಲ್ಡೇನ್

ಜೆ.ಬಿ.ಎಸ್. ಹಾಲ್ಡೇನ್ ಅವರು 1892ರ ನವೆಂಬರ್ 5ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಜನಿಸಿದರು. ಅವರ ತಂದೆ ಹೆಸರಾಂತ ಶರೀರ ವಿಜ್ಞಾನಿ. ಎಂಟು ವರ್ಷದ ಮಗನನ್ನು ಅವರು ಮೆಂಡೆಲ್‌ನ ನಿಯಮಗಳ ಬಗೆಗಿನ ಉಪನ್ಯಾಸಕ್ಕೆ ಕರೆದುಕೊಂಡು ಹೋಗಿದ್ದರು. ಆದರೆ ಹಾಲ್ಡೇನ್ ವಿಜ್ಞಾನದಲ್ಲಿ ಪದವಿ ಪಡೆಯಲೇ ಇಲ್ಲ. ಅವರು ಓದಿದ್ದು ಗಣಿತ, ಗ್ರೀಕ್, ಲ್ಯಾಟಿನ್ ಮತ್ತು ತತ್ವಶಾಸ್ತ್ರ. ವಾಣಿಜ್ಯ ವಿಭಾಗದ ನಮಗೆ ಇದು ಧೈರ್ಯ ಕೊಡುವ ಮಾತು.

ತಂಗಿ ನವೋಮಿ ಮತ್ತು ಗೆಳೆಯ ಸ್ಪ್ರಂಟ್ ಜೊತೆ ಸೇರಿ ಅವರು ಇಲಿಗಳನ್ನು ಸಾಕಿ, ಮರಿಗಳ ಬಣ್ಣವನ್ನು ಎಣಿಸಿದರು. ಒಂದೇ ವರ್ಣತಂತುವಿನಲ್ಲಿ ಹತ್ತಿರವಿರುವ ಜೀನುಗಳು ಹೆಚ್ಚಾಗಿ ಜೊತೆಯಾಗಿಯೇ ಮರಿಗಳಿಗೆ ಹೋಗುತ್ತವೆ. ದೂರವಿದ್ದರೆ ಬೇರೆಯಾಗುವುದು ಹೆಚ್ಚು. ಈ ಸಂಬಂಧವನ್ನು ಇಲಿಗಳಲ್ಲಿ ತೋರಿಸಿದ ಅವರ ಲೇಖನ 1915ರಲ್ಲಿ ಪ್ರಕಟವಾಯಿತು. ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಹಾಲ್ಡೇನ್ ಸೈನ್ಯದಲ್ಲಿದ್ದರು. ಸ್ಪ್ರಂಟ್ ಅದೇ ಯುದ್ಧದಲ್ಲಿ ಪ್ರಾಣ ಕಳೆದುಕೊಂಡರು.

1919ರಲ್ಲಿ, ಎಣಿಕೆಯಿಂದ ಜೀನುಗಳ ನಡುವಿನ ದೂರವನ್ನು ಕಂಡುಹಿಡಿಯುವ ಸೂತ್ರವನ್ನು ಹಾಲ್ಡೇನ್ ಕೊಟ್ಟರು. ಆ ದೂರದ ಅಳತೆಗೆ ಸೆಂಟಿಮಾರ್ಗನ್ ಎಂಬ ಹೆಸರನ್ನಿಟ್ಟವರೂ ಅವರೇ.

1931ರಲ್ಲಿ ವ್ಯಾಡಿಂಗ್ಟನ್ ಜೊತೆ ಇನ್ನೊಂದು ಲೆಕ್ಕ ಮಾಡಿದರು. ಅನೇಕ ಗಿಡಗಳನ್ನು ಸ್ವಪರಾಗಸ್ಪರ್ಶದಿಂದ ಬೆಳೆಸಬಹುದು. ಇಲಿಗಳಲ್ಲಿ ಅದು ಆಗದು, ಒಂದೇ ತಾಯಿಯ ಮರಿಗಳನ್ನು ತಲೆಮಾರುಗಟ್ಟಲೆ ಕೂಡಿಸಬೇಕು. ಇವುಗಳಲ್ಲಿ ಯಾವ ವಿಧಾನದಿಂದ ಎಷ್ಟು ತಿಳಿಯುತ್ತದೆ? ಒಂದು ತಲೆಮಾರಿನಲ್ಲಿ ಎರಡು ಜೀನುಗಳು ಬೇರೆಯಾಗುವುದು ನೂರಕ್ಕೆ 1 ಎಂದುಕೊಳ್ಳೋಣ. ಕೊನೆಗೆ ಸಿಗುವ ಶುದ್ಧ ತಳಿಗಳಲ್ಲಿ ಅದು ಮೊದಲ ವಿಧಾನದಲ್ಲಿ ಸುಮಾರು 2, ಎರಡನೆಯದರಲ್ಲಿ ಸುಮಾರು 4 ಆಗುತ್ತದೆ. ಎರಡನೆಯದರಲ್ಲಿ ತಳಿ ನಿಧಾನವಾಗಿ ಶುದ್ಧವಾಗುವುದರಿಂದ ಜೀನುಗಳು ಬೇರೆಯಾಗಲು ಹೆಚ್ಚು ಅವಕಾಶ ಸಿಗುತ್ತದೆ. ಹಾಗಾಗಿ ಬಹಳ ಹತ್ತಿರದ ಜೀನುಗಳನ್ನೂ ಬೇರ್ಪಡಿಸಿ ನೋಡಬಹುದು. ಆದರೆ ಇಲಿಗಳಲ್ಲಿ ಸಾಮಾನ್ಯವಾಗಿ 20 ತಲೆಮಾರು ಕಾಯಬೇಕು. ಲಾಭವಿದೆ, ಅದಕ್ಕೆ ತಕ್ಕ ಖರ್ಚೂ ಇದೆ.

ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡುವಂತಿಲ್ಲ. ಅದಕ್ಕಾಗಿ 1937ರಲ್ಲಿ ಜೂಲಿಯಾ ಬೆಲ್ ಮತ್ತು ಹಾಲ್ಡೇನ್ ಕುಟುಂಬಗಳ ವಂಶಾವಳಿಗಳನ್ನೇ ಪರಿಶೀಲಿಸಿದರು. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗದ ಜೀನು ಮತ್ತು ಬಣ್ಣಗುರುಡಿನ ಜೀನು ಹತ್ತಿರದಲ್ಲಿವೆ ಎಂದು ತೋರಿಸಿದರು. ಮನೆಯ ಹಿರಿಯರು ನೆನಪಿಟ್ಟುಕೊಂಡ ಖಾಂದಾನಿನ ವಿವರ ವಿಜ್ಞಾನಕ್ಕೂ ಬೇಕಾಗುತ್ತದೆ ಎಂದು ಇದರಿಂದ ತಿಳಿಯುತ್ತದೆ.

1957ರಲ್ಲಿ ಹಾಲ್ಡೇನ್ ಪತ್ನಿ ಹೆಲೆನ್ ಅವರೊಂದಿಗೆ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ನಮ್ಮ ದೇಶದ ಪೌರತ್ವ ಪಡೆದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಕೊಡಲಾಯಿತು. ಪದವಿ ಯಾವುದೇ ಇರಲಿ, ಪ್ರಶ್ನೆ ಕೇಳುವ ಮನಸ್ಸು ಮತ್ತು ಸರಿಯಾದ ಲೆಕ್ಕ ಇದ್ದರೆ ಜ್ಞಾನದ ಬಾಗಿಲು ತೆರೆಯುತ್ತದೆ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.