ಐದು ಪೌಂಡ್ ಸಾಲ, ತೂತು ಬಿದ್ದ ತಗಡಿನ ಪಟ್ಟಿ: ಪುಟ್ಟ ಕಾರುಗಳ ಲೋಕ ಕಟ್ಟಿದ ಫ್ರಾಂಕ್ ಹಾರ್ನ್‌ಬಿ

ಚಿಕ್ಕವರಿದ್ದಾಗ ಮೆಕ್ಯಾನಿಕ್ಸ್ ಸೆಟ್ ಹರಡಿಕೊಂಡು ಕ್ರೇನ್, ಲಾರಿ, ಜೀಪು ಕಟ್ಟಿದ ನೆನಪಿದೆಯೇ? ಸಾಲಾಗಿ ತೂತು ಕೊರೆದ ಲೋಹದ ಪಟ್ಟಿಗಳು, ಕೈಜಾರಿ ಮಂಚದಡಿ ಉರುಳಿ ಹೋಗುವ ನಟ್ಟು ಬೋಲ್ಟುಗಳು, ಜೊತೆಗೊಂದು ಪುಟಾಣಿ ಸ್ಪ್ಯಾನರ್. ಲಾರಿ ಬೇಸರವಾದರೆ ಬಿಚ್ಚಿ, ಅದೇ ಭಾಗಗಳಿಂದ ಕ್ರೇನ್ ಕಟ್ಟಬಹುದಿತ್ತು.

ಇಂಥ ಆಟಿಕೆಗೆ ದಾರಿ ತೋರಿಸಿದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ, 1901ರಲ್ಲಿ ಪೇಟೆಂಟ್ ಪಡೆದ ಒಂದು ಆವಿಷ್ಕಾರ. ಅದನ್ನು ಮಾಡಿದವರು ಎಂಜಿನಿಯರಿಂಗ್ ಓದಿದವರಲ್ಲ. ಮಾಂಸ ಆಮದು ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತ. ಹೆಸರು ಫ್ರಾಂಕ್ ಹಾರ್ನ್‌ಬಿ. ಮೆಕ್ಯಾನೋ ಸೆಟ್, ಹಾರ್ನ್‌ಬಿ ರೈಲು, ಡಿಂಕಿ ಕಾರು, ಈ ಮೂರೂ ಹೊರಬಂದದ್ದು ಅವರ ಕಂಪನಿಯಿಂದಲೇ. ಇವತ್ತು ಹಳೆಯ ಮಾದರಿ ಕಾರುಗಳನ್ನು ಹುಡುಕಿ ತಂದು ದುರಸ್ತಿ ಮಾಡುವ ಹವ್ಯಾಸಿಗಳ ಮೇಜಿನ ಮೇಲೆ ಅವರ ಬದುಕಿನ ಒಂದು ಚೂರಾದರೂ ಇದ್ದೇ ಇರುತ್ತದೆ.

ಹದಿನಾರಕ್ಕೆ ಶಾಲೆ ಬಿಟ್ಟ ಹುಡುಗ

ಹಾರ್ನ್‌ಬಿ ಹುಟ್ಟಿದ್ದು 1863ರ ಮೇ 15ರಂದು. ತಂದೆ ಜಾನ್ ಹಾರ್ನ್‌ಬಿ ದಿನಸಿ ವ್ಯಾಪಾರಿ. ಓದಿನಲ್ಲಿ ಮನಸ್ಸಿಲ್ಲದ ಹುಡುಗ 16ನೇ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ವ್ಯಾಪಾರದಲ್ಲೇ ಕ್ಯಾಷಿಯರ್ ಆದರು. ಆದರೆ ಒಂದು ಪುಸ್ತಕ ಅವರನ್ನು ಬಿಡದೆ ಕಾಡಿತು. ಅದು ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ ಸೆಲ್ಫ್ ಹೆಲ್ಪ್. ಅದರಲ್ಲಿನ ಆವಿಷ್ಕಾರಕರ ಕಥೆಗಳನ್ನು ಓದಿ, ತಾವೂ ಏನಾದರೂ ಕಂಡುಹಿಡಿಯಬೇಕೆಂದು ಹೊರಟರು. ನಿಲ್ಲದೆ ತಾನಾಗಿಯೇ ಓಡುವ ಯಂತ್ರ ಮಾಡಲು ಹೋಗಿ ಕೈಸುಟ್ಟುಕೊಂಡರು.

1887ರಲ್ಲಿ ಶಾಲಾ ಶಿಕ್ಷಕಿ ಕ್ಲಾರಾ ಅವರೊಂದಿಗೆ ಮದುವೆಯಾಯಿತು. 1899ರಲ್ಲಿ ತಂದೆ ತೀರಿಕೊಂಡರು, ವ್ಯಾಪಾರ ಮುಚ್ಚಿತು. ಹೆಂಡತಿ ಮಕ್ಕಳಿರುವ ಸಂಸಾರ, ವಯಸ್ಸು 36. ಡೇವಿಡ್ ಎಲಿಯಟ್ ಎಂಬ ಮಾಂಸ ಆಮದು ವ್ಯಾಪಾರಿಯ ಬಳಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಹೊರಗಿನಿಂದ ನೋಡಿದರೆ ಬದುಕು ಅಲ್ಲಿಗೆ ನೆಲೆ ನಿಂತಂತೆಯೇ.

ಎಲ್ಲ ಗುಟ್ಟೂ ಆ ತೂತಿನಲ್ಲಿ

ಕೆಲಸ ಮುಗಿದ ಮೇಲೆ ಹಾರ್ನ್‌ಬಿ ಮನೆಯ ಪುಟ್ಟ ಕಾರ್ಯಾಗಾರದಲ್ಲಿ ಕೂರುತ್ತಿದ್ದರು. ಮಕ್ಕಳಾದ ರೋಲಂಡ್ ಮತ್ತು ಡಗ್ಲಸ್‌ಗಾಗಿ ತಗಡು ಕತ್ತರಿಸಿ ಸೇತುವೆ, ಲಾರಿ, ಕ್ರೇನ್ ಮಾಡಿಕೊಡುತ್ತಿದ್ದರು. ತೊಂದರೆ ಇದ್ದದ್ದು ಒಂದೇ. ಕ್ರೇನಿಗೆ ಮಾಡಿದ ಭಾಗ ಸೇತುವೆಗೆ ಹೊಂದುತ್ತಿರಲಿಲ್ಲ. ಪ್ರತಿ ಆಟಿಕೆಗೂ ಮತ್ತೆ ಮೊದಲಿನಿಂದ ತಗಡು ಕತ್ತರಿಸಬೇಕಿತ್ತು.

ಇದಕ್ಕೆ ಅವರು ಕಂಡುಕೊಂಡ ಪರಿಹಾರ ಬಹಳ ಸರಳ. ಎಲ್ಲ ಪಟ್ಟಿಗಳೂ ಅರ್ಧ ಇಂಚು ಅಗಲ ಇರಲಿ, ಎಲ್ಲದರಲ್ಲೂ ಅರ್ಧ ಇಂಚಿಗೊಂದರಂತೆ ತೂತು ಇರಲಿ. ಆಗ ಯಾವ ಪಟ್ಟಿಯನ್ನಾದರೂ ಯಾವುದರ ಮೇಲಾದರೂ ಇಟ್ಟು ಬೋಲ್ಟ್ ಬಿಗಿಯಬಹುದು. ಅದೇ ತೂತಿನಲ್ಲಿ ಸಲಾಕೆ ತೂರಿಸಿದರೆ ಚಕ್ರದ ಅಚ್ಚು ತಿರುಗುತ್ತದೆ. ಬಿಚ್ಚಿದರೆ ಎಲ್ಲವೂ ಮತ್ತೆ ಪೆಟ್ಟಿಗೆಗೆ, ಒಂದು ತುಂಡೂ ದಂಡವಾಗುವುದಿಲ್ಲ.

ಪೇಟೆಂಟ್ ಮಾಡಿಸಲು ಹಣ ಬೇಕಿತ್ತು. ಹಾರ್ನ್‌ಬಿ ಮಾಲೀಕ ಎಲಿಯಟ್ ಬಳಿಯೇ 5 ಪೌಂಡ್ ಸಾಲ ಪಡೆದು 1901ರ ಜನವರಿಯಲ್ಲಿ ಅರ್ಜಿ ಹಾಕಿದರು. ಅದೇ ವರ್ಷ ಪೇಟೆಂಟ್ ಸಿಕ್ಕಿತು. ಸಾಲ ಕೊಟ್ಟ ಎಲಿಯಟ್ ಪಾಲುದಾರರೂ ಆದರು.

1902ರಲ್ಲಿ ಮೆಕ್ಯಾನಿಕ್ಸ್ ಮೇಡ್ ಈಸಿ ಎಂಬ ಹೆಸರಿನಲ್ಲಿ ಮೊದಲ ಸೆಟ್ ಅಂಗಡಿಗೆ ಬಂತು. ಒಳಗೆ 16 ಬಗೆಯ ಭಾಗಗಳು, 12 ಮಾದರಿಗಳನ್ನು ಕಟ್ಟುವ ವಿವರ. ಲಿವರ್‌ಪೂಲ್‌ನ ಎಂಜಿನಿಯರಿಂಗ್ ಪ್ರೊಫೆಸರ್ ಹೀಲಿ ಶಾ ಇದನ್ನು ಮೆಚ್ಚಿ ಬೆಂಬಲ ಕೊಟ್ಟರು. ಆದರೂ ದುಡ್ಡು ಕಾಣಲಿಲ್ಲ. 1903ರಲ್ಲಿ ಸುಮಾರು 1,500 ಸೆಟ್ ಮಾರಾಟವಾದರೂ ಲಾಭವಿಲ್ಲ. ಮೊದಲ ಲಾಭಕ್ಕೆ 1906ರವರೆಗೆ ಕಾಯಬೇಕಾಯಿತು.

44ನೇ ವಯಸ್ಸಿನಲ್ಲಿ ಕೆಲಸಕ್ಕೆ ರಾಜೀನಾಮೆ

ಬೇಡಿಕೆ ಏರಿದಾಗ ಇನ್ನೊಂದು ಸಮಸ್ಯೆ ಎದುರಾಯಿತು. ಬಿಡಿಭಾಗ ಮಾಡಿಕೊಡುತ್ತಿದ್ದ ಹೊರಗಿನವರಿಗೆ ಬೇಕಾದಷ್ಟು ಒದಗಿಸಲು ಆಗುತ್ತಿರಲಿಲ್ಲ. 1907ರಲ್ಲಿ ಹಾರ್ನ್‌ಬಿ ಗುಮಾಸ್ತಿಕೆ ಬಿಟ್ಟು, ಲಿವರ್‌ಪೂಲ್‌ನ ಡ್ಯೂಕ್ ಸ್ಟ್ರೀಟ್‌ನಲ್ಲಿ ಜಾಗ ಬಾಡಿಗೆಗೆ ಹಿಡಿದು ತಾವೇ ತಯಾರಿಕೆ ಶುರು ಮಾಡಿದರು. ಅದೇ ವರ್ಷ ಮೆಕ್ಯಾನೋ ಎಂಬ ಹೆಸರು ನೋಂದಣಿಯಾಯಿತು. 1908ರಲ್ಲಿ ಕಂಪನಿ ಸ್ಥಾಪನೆಯಾದಾಗ ಎಲಿಯಟ್ ಅದಕ್ಕೆ ಸೇರಲಿಲ್ಲ. ಮುಂದಿನ ಹೊಣೆಯೆಲ್ಲ ಹಾರ್ನ್‌ಬಿ ಅವರದೇ.

ಅಲ್ಲಿಂದ ಓಟ ಜೋರಾಯಿತು. 1912ರಲ್ಲಿ ಪ್ಯಾರಿಸ್ ಮತ್ತು ಬರ್ಲಿನ್‌ಗೆ ಕಾಲಿಟ್ಟರು. 1914ರಲ್ಲಿ ಲಿವರ್‌ಪೂಲ್‌ನ ಬಿನ್ಸ್ ರೋಡ್‌ನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 1916ರಲ್ಲಿ ಮೆಕ್ಯಾನೋ ಮ್ಯಾಗಜೀನ್ ಆರಂಭವಾಯಿತು. 1920ರಲ್ಲಿ ಕೀಲಿ ಕೊಟ್ಟರೆ ಓಡುವ ಹಾರ್ನ್‌ಬಿ ರೈಲು ಬಂತು. 1926ರಲ್ಲಿ ಬೆಳ್ಳಿ ಬಣ್ಣದ ಪಟ್ಟಿಗಳು ಕೆಂಪು, ಹಸಿರು ತೊಟ್ಟವು. 1930ರ ದಶಕದ ಆರಂಭದಲ್ಲಿ ಕಾರನ್ನೇ ಬಿಡಿಬಿಡಿಯಾಗಿ ಕಟ್ಟುವ ಮೋಟಾರ್ ಕಾರ್ ಸೆಟ್‌ಗಳನ್ನೂ ಕಂಪನಿ ಮಾರಿತು.

ರೈಲು ನಿಲ್ದಾಣದ ಪಕ್ಕ ನಿಲ್ಲಿಸಲು ಬಂದ ಕಾರು

ಮಾದರಿ ಕಾರುಗಳ ಹವ್ಯಾಸಕ್ಕೆ ಹಾರ್ನ್‌ಬಿ ಕಂಪನಿಯ ಅತಿ ದೊಡ್ಡ ಕೊಡುಗೆ ಬಂದದ್ದು ಒಂದು ರೀತಿ ಅಡ್ಡದಾರಿಯಲ್ಲಿ. ಆಟಿಕೆ ರೈಲಿನ ಸುತ್ತ ನಿಲ್ದಾಣ, ರಸ್ತೆ ಮಾಡಿಕೊಂಡವರಿಗೆ ಅಲ್ಲಿ ನಿಲ್ಲಿಸಲು ವಾಹನಗಳೂ ಬೇಕಲ್ಲ? 1933ರ ಕೊನೆಯಲ್ಲಿ ಕಂಪನಿ ಆರು ವಾಹನಗಳ ಒಂದು ಸೆಟ್ ತಂದಿತು. ಎರಡು ಕಾರು, ಒಂದು ಲಾರಿ, ಒಂದು ವ್ಯಾನು, ಒಂದು ಟ್ರ್ಯಾಕ್ಟರ್, ಒಂದು ಯುದ್ಧ ಟ್ಯಾಂಕ್. 1934ರಲ್ಲಿ ಇವುಗಳಿಗೆ ಡಿಂಕಿ ಟಾಯ್ಸ್ ಎಂಬ ಹೆಸರು ಬಿತ್ತು. ಅಚ್ಚಿನಲ್ಲಿ ಲೋಹ ಎರಕ ಹೊಯ್ದು ಕಾರು ಮಾಡುವುದರಲ್ಲಿ ಹಾರ್ನ್‌ಬಿ ಮೊದಲಿಗರೇನಲ್ಲ. ಅಮೆರಿಕದ ಟೂಟ್ಸಿಟಾಯ್ ಅದಾಗಲೇ ಆ ಕೆಲಸದಲ್ಲಿತ್ತು. ಆದರೆ ಬ್ರಿಟನ್‌ನಲ್ಲಿ ಪುಟ್ಟ ಕಾರು ಎಂದರೆ ಡಿಂಕಿ ಎನ್ನುವ ಮಟ್ಟಿಗೆ ಹೆಸರು ನಿಂತಿತು. ರೈಲಿಗೆ ಜೊತೆಯಾಗಿ ಬಂದ ಕಾರು ತಾನೇ ರಾಜನಾಯಿತು.

ಕಾರು ಸಂಗ್ರಹಿಸುವವರ ಬಾಯಲ್ಲಿ ಸದಾ ಕೇಳುವ 1:43 ಎಂಬ ಅಳತೆಯ ಮೂಲವೂ ಇಲ್ಲೇ ಇದೆ. ಬ್ರಿಟನ್ನಿನ ಓ ಗೇಜ್ ಆಟಿಕೆ ರೈಲಿನಲ್ಲಿ ನಿಜವಾದ ಒಂದು ಅಡಿಗೆ 7 ಮಿಲಿಮೀಟರ್ ಲೆಕ್ಕ. ಅಂದರೆ ಹೆಚ್ಚುಕಡಿಮೆ 43ರಲ್ಲಿ ಒಂದು ಪಾಲು. ನಾಲ್ಕು ಮೀಟರ್ ಉದ್ದದ ಕಾರು ಈ ಅಳತೆಯಲ್ಲಿ ಸುಮಾರು 9 ಸೆಂಟಿಮೀಟರ್, ಅಂಗೈ ತುಂಬುವಷ್ಟು.

ಈ ಯಶಸ್ಸನ್ನು ಹಾರ್ನ್‌ಬಿ ಹೆಚ್ಚು ದಿನ ನೋಡಲಿಲ್ಲ. 1931ರಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಎವರ್ಟನ್ ಕ್ಷೇತ್ರದ ಸಂಸದರಾಗಿದ್ದ ಅವರು, ಆರೋಗ್ಯ ಕೆಟ್ಟಿದ್ದರಿಂದ 1935ರ ಚುನಾವಣೆಗೆ ನಿಲ್ಲಲಿಲ್ಲ. ಹೃದ್ರೋಗ ಮತ್ತು ಮಧುಮೇಹದಿಂದ ಬಳಲಿ 1936ರ ಸೆಪ್ಟೆಂಬರ್ 21ರಂದು, 73ನೇ ವಯಸ್ಸಿನಲ್ಲಿ ತೀರಿಕೊಂಡರು. ಕಂಪನಿಯ ಚುಕ್ಕಾಣಿ ಮಗ ರೋಲಂಡ್ ಕೈಗೆ ಬಂತು. ತಂದೆ ಮಾಡಿಕೊಟ್ಟ ತಗಡಿನ ಆಟಿಕೆಗಳಲ್ಲಿ ಆಡಿ ಬೆಳೆದ ಅದೇ ಹುಡುಗ.

ಬಿಚ್ಚಲಾಗದ ಆಟಿಕೆ

ಹಾರ್ನ್‌ಬಿ ಬದುಕಿನ ಎರಡು ತುದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೆಕ್ಯಾನೋದ ಜೀವಾಳವೇ ಬಿಚ್ಚಿ ಮತ್ತೆ ಕಟ್ಟುವುದು. ಡಿಂಕಿ ಕಾರು ಅದಕ್ಕೆ ತೀರಾ ವಿರುದ್ಧ. ಒಂದೇ ಎರಕದಲ್ಲಿ ಮೈ ತಯಾರು. ಚಕ್ರದ ಸಲಾಕೆಯ ತುದಿಯನ್ನೂ ಅದುಮಿ ಮುಚ್ಚಲಾಗಿರುತ್ತದೆ. ತಳದ ತಗಡಿದ್ದರೆ ಅದಕ್ಕೂ ರಿವೆಟ್ ಬಿದ್ದಿರುತ್ತದೆ. ಮುರಿದರೆ ಮಗುವಿಗೆ ಸರಿಪಡಿಸಲು ದಾರಿಯೇ ಇಲ್ಲ.

ಇನ್ನೊಂದು ಶತ್ರು ಲೋಹದ ಒಳಗೇ ಅಡಗಿತ್ತು. ಮೊದಲ ಕಾರುಗಳು ಸೀಸದ ಮಿಶ್ರಲೋಹದವು. ಬೇಗನೇ ಕಂಪನಿ ಸತುವಿನ ಮಿಶ್ರಲೋಹಕ್ಕೆ ಬದಲಾಯಿತು. ಈ ಲೋಹಕ್ಕೆ ಸೀಸ, ತವರದಂಥ ಕಲ್ಮಶ ಚೂರೇ ಚೂರು ಬೆರೆತರೂ ವರ್ಷಗಳು ಕಳೆದಂತೆ ಒಳಗಿಂದಲೇ ಕೊಳೆಯುತ್ತದೆ. ಮೈ ಉಬ್ಬುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಮುಟ್ಟಿದರೆ ಪುಡಿಯಾಗುತ್ತದೆ. ಸಂಗ್ರಹಕಾರರು ಇದನ್ನು ಝಿಂಕ್ ಪೆಸ್ಟ್ ಎನ್ನುತ್ತಾರೆ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಎಷ್ಟೋ ಡಿಂಕಿಗಳು ಹೀಗೇ ನಾಶವಾಗಿವೆ. ಇದಕ್ಕೆ ಮದ್ದಿಲ್ಲ. ತೇವ ಮತ್ತು ಶಾಖದಿಂದ ದೂರವಿಟ್ಟು ಕೊಳೆಯುವುದನ್ನು ನಿಧಾನಿಸಬಹುದು, ಅಷ್ಟೇ.

ಲೋಹ ಗಟ್ಟಿಯಿರುವ ಕಾರುಗಳ ಕಥೆ ಬೇರೆ. ಹವ್ಯಾಸಿಗಳು ರಿವೆಟ್ಟನ್ನು ಜೋಪಾನವಾಗಿ ಕೊರೆದು ತೆಗೆಯುತ್ತಾರೆ, ಹಳೆ ಬಣ್ಣ ಕಳಚಿ ಹೊಸದು ಹಚ್ಚುತ್ತಾರೆ, ಒಣಗಿ ಸೀಳಿದ ರಬ್ಬರ್ ಟೈರ್ ಬದಲಿಸುತ್ತಾರೆ. ಡಿಂಕಿಗೆ ಇಲ್ಲದಿದ್ದ ಮೆಕ್ಯಾನೋ ಗುಣವನ್ನು ಅವರ ಕೈ ಕೊಡುತ್ತದೆ ಎನ್ನಬಹುದು. ಆದರೆ ಇಲ್ಲೊಂದು ಇಕ್ಕಟ್ಟೂ ಇದೆ. ಸಂಗ್ರಹಕಾರರ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಫಳಫಳ ಹೊಳೆಯುವ ಹೊಸ ಬಣ್ಣಕ್ಕಿಂತ, ಅಲ್ಲಲ್ಲಿ ಸವೆದ ಮೂಲ ಬಣ್ಣಕ್ಕೇ ಬೆಲೆ ಜಾಸ್ತಿ. ಒಮ್ಮೆ ಕಳಚಿದ ಮೂಲ ಬಣ್ಣ ಮರಳಿ ಬರುವುದಿಲ್ಲ.

ಕೋಲ್ಕತ್ತಾದ ನಂಟು

1964ರಲ್ಲಿ ಮೆಕ್ಯಾನೋ ಕಂಪನಿ ಲೈನ್ಸ್ ಬ್ರದರ್ಸ್ ಪಾಲಾಯಿತು. 1979ರಲ್ಲಿ ಬಿನ್ಸ್ ರೋಡ್ ಕಾರ್ಖಾನೆ ಬಾಗಿಲು ಮುಚ್ಚಿತು. ಅದಕ್ಕೂ ಮೊದಲೇ ಡಿಂಕಿಯ ಕೆಲವು ಹಳೆಯ ಅಚ್ಚುಗಳು ಸಮುದ್ರ ದಾಟಿ ಭಾರತಕ್ಕೆ ಬಂದಿದ್ದವು. ಅವುಗಳಿಂದ ಕೋಲ್ಕತ್ತಾದಲ್ಲಿ ನಿಕಿ ಟಾಯ್ಸ್ ಹೆಸರಿನ ಕಾರುಗಳು ತಯಾರಾದವು. ಇಂದು ಇವನ್ನೂ ಸಂಗ್ರಹಕಾರರು ಹುಡುಕಿ ಕೊಳ್ಳುತ್ತಾರೆ.

ಹಾಗಾಗಿ ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಬಣ್ಣ ಉದುರಿದ, ಟೈರ್ ಇಲ್ಲದ ಲೋಹದ ಕಾರೊಂದು ಸಿಕ್ಕರೆ ತಕ್ಷಣ ಬಣ್ಣದ ಡಬ್ಬಿ ತೆರೆಯಬೇಡಿ. ಮೊದಲು ಮಗುಚಿ ಹಾಕಿ ತಳದಲ್ಲಿ ಯಾವ ಹೆಸರಿದೆ ನೋಡಿ. ಮೈಯಲ್ಲಿ ಬಿರುಕಿದೆಯೇ, ಉಬ್ಬಿದೆಯೇ ಪರೀಕ್ಷಿಸಿ. ಉಳಿಸುವುದೋ, ಹೊಸದಾಗಿಸುವುದೋ ಎಂಬ ತೀರ್ಮಾನ ಆಮೇಲೆ. ಗುಮಾಸ್ತರಾಗಿದ್ದ ಹಾರ್ನ್‌ಬಿ ಗೆದ್ದದ್ದೂ ಹೀಗೆಯೇ. ತಗಡು ಕತ್ತರಿಸುವ ಮೊದಲು ಅದೇ ತುಂಡು ಮುಂದೆ ಎಲ್ಲೆಲ್ಲಿ ಬಳಕೆಯಾದೀತು ಎಂದು ಯೋಚಿಸಿದರು. ಅವರು ಗೊತ್ತುಮಾಡಿದ ಆ ಅರ್ಧ ಇಂಚಿನ ಅಂತರ ಮೆಕ್ಯಾನೋ ಪಟ್ಟಿಗಳಲ್ಲಿ ನೂರು ವರ್ಷ ಕಳೆದರೂ ಬದಲಾಗಲಿಲ್ಲ.