ಮಾಚಿಕಬ್ಬೆಯ ಮಗಳು

ನಮ್ಮ ಗುತ್ತಲದಿಂದ ಬೇಲೂರು ಬಹುದೂರ. ಆದರೆ ಸುಮಾರು ಒಂಬತ್ತು ಶತಮಾನಗಳ ಹಿಂದೆ ಬೇಲೂರಿನ ಅರಸನಿಗೆ ನಮ್ಮ ಸೀಮೆ ದೂರವೆನಿಸಿರಲಿಲ್ಲ. ಹೊಯ್ಸಳ ವಿಷ್ಣುವರ್ಧನನು ಹಾನಗಲ್ಲಿನ ಮೇಲೆ ದಂಡೆತ್ತಿ ಬಂದು, ಬಂಕಾಪುರವನ್ನು ತನ್ನ ನೆಲೆವೀಡಾಗಿ ಮಾಡಿಕೊಂಡು ಇಲ್ಲಿಯ ನೀರು ಕುಡಿದವನು. ಅಂದಿನ ಗುತ್ತವೊಳಲೇ ನಮ್ಮ ಇಂದಿನ ಗುತ್ತಲ. ಇಲ್ಲಿಯ ಗುತ್ತರಸರು ಕಲ್ಯಾಣದ ಚಾಳುಕ್ಯರ ಮಾಂಡಲಿಕರು. ಆದುದರಿಂದ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲೆಯ ಕಥೆಯನ್ನು ಗುತ್ತಲದವನಾದ ನಾನು ಹೇಳಹೊರಟರೆ ಅದು ತೀರ ಪರರ ಮನೆಯ ಮಾತಾಗಲಾರದೆಂದು ನಂಬಿದ್ದೇನೆ.

ಈ ಕಥೆ ನನ್ನನ್ನು ಹಿಡಿದುದಕ್ಕೆ ಬೇರೊಂದು ಕಾರಣವೂ ಉಂಟು. ನನ್ನ ತಂದೆಯವರು ಹೆಜ್ಜೆಮೇಳದ ಗುರುಗಳು. ಒಕ್ಕಲುತನದ ಬಿಡುವಿನಲ್ಲಿ ಊರ ಹುಡುಗರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಹೆಜ್ಜೆ ಕಲಿಸುತ್ತಿದ್ದರು. ನಾನೂ ಆ ಸಾಲಿನಲ್ಲಿದ್ದೆ. ನನ್ನ ಅಕ್ಕ ಮಾತ್ರ ಪಡಸಾಲೆಯ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಒಮ್ಮೆ ನೋಡಿದ ಹೆಜ್ಜೆಯನ್ನು ಅವಳು ಮರೆಯುತ್ತಿರಲಿಲ್ಲ. ನಾನು ಹತ್ತು ಸಲ ಕಲಿತರೂ ತಪ್ಪುತ್ತಿದ್ದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಗೇವಿನ ಪಕ್ಕದಲ್ಲಿ ಅವಳೇ ನನ್ನನ್ನು ತಿದ್ದುತ್ತಿದ್ದಳು. ಮನೆತನಸ್ಥರ ಮಗಳು ಕುಣಿಯಬಾರದೆಂಬುದು ತಂದೆಯವರ ನಿಲುವು. ಮಕ್ಕಳಲ್ಲಿ ನಿಜವಾದ ಶಿಷ್ಯರು ಯಾರೆಂಬುದನ್ನು ತಿಳಿಯದೆಯೇ ಅವರು ತೀರಿಕೊಂಡರು. ತಿಳಿದಿದ್ದ ನಾನು ಬಾಯಿ ಬಿಡಲಿಲ್ಲ. ಆ ಮೌನದ ಭಾರ ನನ್ನ ಮೇಲೆ ಇಂದಿಗೂ ಇದೆ.

ಇನ್ನು ಶಾಂತಲೆಯ ವಿಷಯ. ಆಕೆಯ ತಂದೆ ಪೆರ್ಗಡೆ ಮಾರಸಿಂಗಯ್ಯ, ಶಿವಭಕ್ತ. ತಾಯಿ ಮಾಚಿಕಬ್ಬೆ, ದಂಡನಾಯಕ ಬಲದೇವನ ಮಗಳು, ಜಿನಭಕ್ತೆ. ಮಗಳು ತಾಯಿಯ ಧರ್ಮವನ್ನು ಹಿಡಿದಳು. ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರುಗಳು. ಕೈಹಿಡಿದ ಪತಿಯಾದರೋ ಬಿಟ್ಟಿದೇವನೆಂಬ ಹೆಸರಿನಿಂದ ವಿಷ್ಣುವರ್ಧನನೆಂಬ ಹೆಸರಿಗೆ ಬಂದವನು, ನಾರಾಯಣನಿಗೆ ದೇಗುಲ ಕಟ್ಟಿಸಿದವನು. ಒಂದೇ ಕುಟುಂಬದಲ್ಲಿ ಮೂರು ದೇವರಿಗೆ ದೀಪ. ಇಂಥ ಮನೆಯಲ್ಲಿ ಎಲ್ಲರೂ ಕೂಡಿ ಆದರಿಸಬಹುದಾದುದು ಯಾವುದು? ನೃತ್ಯಗೀತಗಳೇ ಇರಬೇಕೆಂದು ನನ್ನ ಊಹೆ. ಶಿವನು ಸ್ವತಃ ನಟರಾಜ. ವಿಷ್ಣು ಮೋಹಿನಿಯಾಗಿ ಕುಣಿದವನು. ಆದಿಜಿನನಿಗೆ ವೈರಾಗ್ಯ ಹುಟ್ಟಿದುದು ನೀಲಾಂಜನೆಯ ನೃತ್ಯವನ್ನು ನೋಡುತ್ತಿದ್ದಾಗಲೆಂದು ಜೈನಪುರಾಣವು ಹೇಳುತ್ತದೆ. ಮೂರು ಮತಗಳ ಬಾಗಿಲಲ್ಲಿಯೂ ಗೆಜ್ಜೆಯ ದನಿಗೆ ತಡೆಯಿರಲಿಲ್ಲ.

ಶಾಸನಕವಿಗಳು ರಾಣಿಯರನ್ನು ಹೊಗಳುವುದು ವಾಡಿಕೆ. ಆ ಹೊಗಳಿಕೆಯನ್ನೆಲ್ಲ ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಶಾಂತಲೆಯನ್ನು ಹೊಗಳುವಾಗ ಅವರು ಬಳಸಿದ ಒಂದು ಬಿರುದು ನನ್ನನ್ನು ತಡೆದು ನಿಲ್ಲಿಸಿತು. ಗೀತವಾದ್ಯನೃತ್ಯಗಳಲ್ಲಿ ಆಕೆಯನ್ನು ಬರಿಯ ಕುಶಲೆಯೆನ್ನದೆ ಸೂತ್ರಧಾರಿಯೆಂದೇ ಕರೆದಿದ್ದಾರೆ. ಒಬ್ಬಳೇ ಕುಣಿಯುವವಳಿಗೆ ಸೂತ್ರ ಬೇಕಿಲ್ಲ. ಹಾಡುವವರು, ನುಡಿಸುವವರು, ಕುಣಿಯುವವರು ಇವರನ್ನೆಲ್ಲ ಒಂದು ಲಯದಲ್ಲಿ ಕೂಡಿಸಿ ನಡೆಸಬಲ್ಲವಳಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಬಲ್ಲುದನ್ನು ಬಚ್ಚಿಡದೆ ಸುತ್ತಲಿನವರೊಡನೆ ಹಂಚಿಕೊಂಡವಳು ಆಕೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ನಾಲ್ಕು ಸಮಯಗಳನ್ನೂ ಉದ್ಧರಿಸಿದವಳೆಂದು ಹೊಗಳಿದ ಶಾಸನವೇ ಈ ಮಾತನ್ನೂ ಹೇಳುತ್ತದೆ. ಶೀಲವನ್ನೂ ಕಲೆಯನ್ನೂ ಅಕ್ಕಪಕ್ಕದಲ್ಲಿ ಕೆತ್ತಲು ಅಂದಿನವರು ಹಿಂದೆಗೆಯಲಿಲ್ಲ.

ಚೋಳರಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನನು ೧೧೧೭ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದನು. ಇಂದಿನ ಚೆನ್ನಕೇಶವನೇ ಆತ. ಅದೇ ಪ್ರಾಕಾರದಲ್ಲಿ ಶಾಂತಲೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದಳು. ಜನರು ಅದನ್ನು ಕಪ್ಪೆ ಚೆನ್ನಿಗರಾಯನೆನ್ನುತ್ತಾರೆ. ಜಿನಭಕ್ತೆಯಾದ ರಾಣಿ ವಿಷ್ಣುವಿಗೆ ಗುಡಿ ಕಟ್ಟಿಸಿದಳು. ಆರು ವರ್ಷಗಳ ತರುವಾಯ, ೧೧೨೩ರಲ್ಲಿ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನ ಬಸದಿಯನ್ನೂ ಕಟ್ಟಿಸಿದಳು. ಸವತಿಯರೆಂಬ ಆನೆಗಳಿಗೆ ಮದ್ದಾನೆಯಂತಿದ್ದವಳೆಂಬ ಆಕೆಯ ಬಿರುದೇ ಆ ಬಸದಿಗೆ ಹೆಸರಾಗಿದೆ. ಅಂತಃಪುರದ ಬಾಳು ಸುಖದ ಸುಪ್ಪತ್ತಿಗೆಯಾಗಿರಲಿಲ್ಲವೆಂಬುದಕ್ಕೆ ಈ ಬಿರುದೇ ಸಾಕ್ಷಿ.

ಬೇಲೂರಿನ ದರ್ಪಣಸುಂದರಿಗೆ ಶಾಂತಲೆಯೇ ಮಾದರಿಯೆಂದೂ, ನವರಂಗದ ದುಂಡುಕಲ್ಲಿನ ಮೇಲೆ ಆಕೆ ಕುಣಿದಳೆಂದೂ ಜನ ಹೇಳುತ್ತಾರೆ. ಇವು ನಂಬಿಕೆಗಳು, ಶಾಸನದ ಆಧಾರವುಳ್ಳ ಮಾತುಗಳಲ್ಲ. ಶಾಸನಸಿದ್ಧವಾದ ಇನ್ನೊಂದು ಸಂಗತಿ ನನಗೆ ಅದಕ್ಕಿಂತ ಹೆಚ್ಚು ಪ್ರಿಯ. ಅಲ್ಲಿಯ ಮದನಿಕೆಯರಲ್ಲಿ ಕೆಲವರನ್ನು ಕಡೆದವರು ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ; ತಮ್ಮ ಹೆಸರುಗಳನ್ನು ಪೀಠದಲ್ಲಿ ಕೆತ್ತಿಟ್ಟಿದ್ದಾರೆ. ತಂದೆಯ ಕೈಯ ಉಳಿ ಮಗನ ಕೈಗೆ ಬಂದು, ಕಲ್ಲಿನಲ್ಲಿ ಹೆಣ್ಣುಗಳನ್ನು ಕುಣಿಸಿತು. ನನ್ನ ತಂದೆಯವರೂ ತಮ್ಮ ಹೆಜ್ಜೆಯನ್ನು ಮಗನಿಗೇ ಕೊಟ್ಟರು. ದೈವವು ಅದನ್ನು ಮಗಳ ಕಾಲಲ್ಲಿ ಇಟ್ಟಿತ್ತು.

೧೧೩೧ರ ಚೈತ್ರಮಾಸದಲ್ಲಿ ಶಾಂತಲೆ ಶಿವಗಂಗೆಯಲ್ಲಿ ಕಾಲವಾದಳು. ಮಗನಿಲ್ಲದ ಕೊರಗಿನಿಂದ ಬೆಟ್ಟದ ತುದಿಯಿಂದ ಹಾರಿಕೊಂಡಳೆಂಬ ಐತಿಹ್ಯವಿದೆ. ಆ ಕೋಡುಗಲ್ಲನ್ನು ತೋರಿಸುವವರು ಈಗಲೂ ಇದ್ದಾರೆ. ಶಾಸನವು ತಿಥಿಯನ್ನೂ ಸ್ಥಳವನ್ನೂ ಹೇಳುತ್ತದೆ, ಹಾರಿದ ಮಾತನ್ನು ಹೇಳುವುದಿಲ್ಲ. ಎರಡು ವರ್ಷಗಳಾದ ಮೇಲೆ, ೧೧೩೩ರಲ್ಲಿ, ಗಂಗರಾಜನ ಮಗ ಬೊಪ್ಪನು ದೋರಸಮುದ್ರದಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಪ್ರಸಾದವನ್ನು ಅರ್ಚಕರು ನಮ್ಮ ಬಂಕಾಪುರಕ್ಕೆ ತಂದು ಅರಸನಿಗೆ ಅರ್ಪಿಸಿದರು. ಯುದ್ಧದಲ್ಲಿ ಗೆಲುವು ಬಂದಿತ್ತು. ರಾಣಿ ಲಕ್ಷ್ಮೀದೇವಿಯಲ್ಲಿ ಗಂಡುಮಗುವೂ ಹುಟ್ಟಿತ್ತು. ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಅರಸನು ಹೆಸರಿಟ್ಟನು. ಬಂಕಾಪುರದ ಆ ಹರ್ಷದ ದಿನ ಅವನಿಗೆ ಶಾಂತಲೆಯ ನೆನಪಾಯಿತೋ ಇಲ್ಲವೋ, ಚರಿತ್ರೆ ಮೂಕವಾಗಿದೆ.

ನೆನೆದವರು ಯಾರೆಂಬುದನ್ನು ಮಾತ್ರ ಚಿಕ್ಕಬೆಟ್ಟದ ಕಲ್ಲು ಹೇಳುತ್ತದೆ. ಮಗಳು ಹೋದ ಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಸನ್ಯಸನವನ್ನು ಕೈಗೊಂಡು, ಒಂದು ತಿಂಗಳು ಅನಶನವಿದ್ದು ದೇಹವನ್ನು ಬಿಟ್ಟಳು. ತಾಯಿಮಗಳಿಬ್ಬರ ಮರಣವೂ ಒಂದೇ ಶಾಸನದಲ್ಲಿ ಬರೆದಿದೆ. ಆ ತಾಯಿ ವ್ರತಕ್ಕೆ ಕುಳಿತಾಗ ಅವಳ ಕಿವಿಯಲ್ಲಿ ಮಂತ್ರದೊಡನೆ ಎಳೆಯ ಮಗಳ ಮೊದಲ ಗೆಜ್ಜೆಯ ದನಿಯೂ ಕೇಳಿರಬಾರದೆ? ಧರ್ಮಶಾಸ್ತ್ರಿಗಳು ಒಪ್ಪಲಿಕ್ಕಿಲ್ಲ. ಮಕ್ಕಳನ್ನು ಬೆಳೆಸಿದವರು ಒಪ್ಪಿಯಾರು.

ಕಳೆದ ಚಳಿಗಾಲದಲ್ಲಿ ಅಕ್ಕನನ್ನೂ ನನ್ನ ಮೊಮ್ಮಗಳನ್ನೂ ಕರೆದುಕೊಂಡು ಬೇಲೂರಿಗೆ ಹೋದೆ. ಮೊಮ್ಮಗಳು ಹಾವೇರಿಯಲ್ಲಿ ಭರತನಾಟ್ಯ ಕಲಿಯುತ್ತಿದ್ದಾಳೆ. ಅಕ್ಕನಿಗೆ ಎಪ್ಪತ್ತೆಂಟು ದಾಟಿದೆ, ಮೊಣಕಾಲು ನೋವು. ನವರಂಗದಲ್ಲಿ ಅವಳು ಕಂಬಕ್ಕೊರಗಿ ಬಹಳ ಹೊತ್ತು ನಿಂತಳು. ಮೇಲಿದ್ದ ಮದನಿಕೆಯ ಕಾಲಿನ ಬಾಗನ್ನು ನೋಡುತ್ತಿದ್ದಳು. ಬಳಿಕ ಹುಡುಗಿಯನ್ನು ಹತ್ತಿರ ಕರೆದು, ಅವಳ ಹಿಮ್ಮಡಿಯನ್ನು ತನ್ನ ಊರುಗೋಲಿನಿಂದ ಒಂದಿಷ್ಟು ಹೊರಕ್ಕೆ ಸರಿಸಿದಳು. ಅಷ್ಟರಿಂದಲೇ ಆ ನಿಲುವು ಸರಿಯಾಯಿತು. ಹುಡುಗಿ ಬೆರಗಾಗಿ ನನ್ನ ಮುಖ ನೋಡಿದಳು.

ಅಂದು ಸಂಜೆ ಛತ್ರದಲ್ಲಿ ಕುಳಿತು, ಹಗೇವಿನ ಪಕ್ಕದ ಆ ರಾತ್ರಿಗಳ ಕಥೆಯನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅರುವತ್ತು ವರ್ಷ ತಡವಾಗಿ ಹೇಳಿದೆ. ಅಕ್ಕ ತಡೆಯಲಿಲ್ಲ. ಈಗ ಗುತ್ತಲದ ನಮ್ಮ ಪಡಸಾಲೆಯಲ್ಲಿ ಪ್ರತಿ ಭಾನುವಾರ ಹುಡುಗಿ ಕುಣಿಯುತ್ತಾಳೆ, ಅಕ್ಕ ಕುಳಿತಲ್ಲಿಂದಲೇ ತಾಳ ಹಿಡಿಯುತ್ತಾಳೆ. ತಂದೆಯವರು ಹಿಡಿಯುತ್ತಿದ್ದ ತಾಳವೇ ಅದು. ಬಾಗಿಲನ್ನು ನಾನೇ ತೆರೆದಿಡುತ್ತೇನೆ.